ಒಂದೇ ಒಂದು ಸಾಲು ಸೇರಿಸಿದ್ದೆ

ಮೊನ್ನೆ ಭಾನುವಾರ ರಾತ್ರಿ ಹನ್ನೊಂದೂವರೆಗೆ ನನ್ನ ಲ್ಯಾಪ್‌ಟಾಪ್ ಪೂರ್ತಿ ಸರಿಯಾಯಿತು. ಹಾಳಾದದ್ದು ಅದರ ಹಿಂದಿನ ವಾರದ ಗುರುವಾರ. ನಡುವೆ ಹತ್ತು ದಿನ. ಇನ್ನು ನಾಲ್ಕು ದಿನ ಕಳೆದರೆ ಎಲ್ಲಿ ಏನು ಒತ್ತಿದೆ, ಯಾವುದರ ನಂತರ ಯಾವುದು ಮಾಡಿದೆ ಅನ್ನುವುದೆಲ್ಲ ಮರೆತೇ ಹೋಗುತ್ತದೆ. ಅದಕ್ಕೇ ಬಿಸಿ ಆರುವ ಮೊದಲು ಬರೆಯುತ್ತಿದ್ದೇನೆ.

ಮೊದಲೇ ಹೇಳಿಬಿಡುತ್ತೇನೆ, ನಾನು ಕಂಪ್ಯೂಟರ್ ಓದಿದವಳಲ್ಲ. ಮುಂಬೈ ಹತ್ತಿರದ ಡೊಂಬಿವಲಿಯಲ್ಲಿ ಮನೆಯಲ್ಲೇ ಕೂತು ಕನ್ನಡ ಡಿಟಿಪಿ ಮಾಡುತ್ತೇನೆ. ಮದುವೆ ಕಾಗದ, ಗೃಹಪ್ರವೇಶದ ಕಾರ್ಡು, ತಾಳಮದ್ದಲೆಯ ಕರಪತ್ರ, ವರ್ಷಕ್ಕೆರಡು ಸಂಘಗಳ ಸ್ಮರಣ ಸಂಚಿಕೆ. ಲ್ಯಾಪ್‌ಟಾಪ್ ಲ್ಯಾಮಿಂಗ್ಟನ್ ರೋಡಿನಲ್ಲಿ ಸೆಕೆಂಡ್ ಹ್ಯಾಂಡ್ ತಗೊಂಡದ್ದು, 16,500 ರೂಪಾಯಿ. ಪುಣೆಯಲ್ಲಿರುವ ನನ್ನ ಅಣ್ಣನ ಮಗ ಅದಕ್ಕೆ ವಿಂಡೋಸಿನ ಬದಲು ಲಿನಕ್ಸ್ ಮಿಂಟ್ 21.3 ಅನ್ನುವ ಆಪರೇಟಿಂಗ್ ಸಿಸ್ಟಮ್ ಹಾಕಿಕೊಟ್ಟಿದ್ದ. ವೈರಸ್ಸಿನ ರಗಳೆ ಇಲ್ಲ, ದುಡ್ಡು ಕೊಡಿ ಅಂತ ಕಾಡುವ ಸಾಫ್ಟ್‌ವೇರ್ ಇಲ್ಲ. ಎರಡು ವರ್ಷ ಒಂದು ದಿನವೂ ಕೈ ಕೊಟ್ಟಿರಲಿಲ್ಲ. ಈ ಸಲ ಕೈ ಕೊಟ್ಟದ್ದೂ ಅದಲ್ಲ, ನಾನೇ.

ಆದದ್ದು ಇಷ್ಟು. ಒಂದು ಸಂಘದ ವಾರ್ಷಿಕೋತ್ಸವದ ಸಂಚಿಕೆ, 64 ಪುಟ. ಅರ್ಧ ಲೇಖನ, ಅರ್ಧ ಹೋಟೆಲಿನವರ ಜಾಹೀರಾತು. ಕಳೆದ ವರ್ಷ ಅದನ್ನು ಬೇರೆ ಹುಡುಗನೊಬ್ಬ ಮಾಡಿದ್ದ. ಜಾಹೀರಾತುಗಳೆಲ್ಲ ಹೆಚ್ಚುಕಡಿಮೆ ಅವೇ, ಹೊಸದಾಗಿ ಯಾಕೆ ಕೂರಿಸುತ್ತೀರಿ ಅಂತ ಕಾರ್ಯದರ್ಶಿಗಳು ಅವನ ಫೈಲನ್ನೇ ಕಳಿಸಿದರು. ಅದು ಪುಟ ಜೋಡಿಸುವ ಸಾಫ್ಟ್‌ವೇರ್ ಸ್ಕ್ರೈಬಸ್ 1.6ರಲ್ಲಿ ಮಾಡಿದ ಫೈಲು. ನನ್ನ ಹತ್ತಿರ ಇದ್ದದ್ದು 1.5.8. ತೆರೆದರೆ ಹೋಟೆಲಿನ ಹೆಸರು ಒಂದು ಕಡೆ, ಫೋನ್ ನಂಬರ್ ಇನ್ನೊಂದು ಕಡೆ. ಬುಧವಾರ ಪ್ರೆಸ್ಸಿಗೆ ಹೋಗಬೇಕು. ಇವತ್ತು ಗುರುವಾರ.

ರಾತ್ರಿ ಹತ್ತೂಮುಕ್ಕಾಲಿಗೆ ಇಂಟರ್‌ನೆಟ್ಟಿನಲ್ಲಿ ಹುಡುಕಿದೆ. ಒಂದು ಸಾಲು ಸಿಕ್ಕಿತು. ಇದನ್ನು ಟರ್ಮಿನಲ್ಲಿನಲ್ಲಿ (ಕಮಾಂಡ್ ಟೈಪ್ ಮಾಡುವ ಕಿಟಕಿ) ಪೇಸ್ಟ್ ಮಾಡಿ, ಅಪ್‌ಡೇಟ್ ಕೊಡಿ, ಇನ್‌ಸ್ಟಾಲ್ ಕೊಡಿ, ಹೊಸ ಸ್ಕ್ರೈಬಸ್ ಬರುತ್ತದೆ ಅಂತ ಇತ್ತು. ಆ ಸಾಲಿನ ನಡುವೆ 'ನೋಬಲ್' ಅನ್ನುವ ಒಂದು ಪದ. ಏನೋ ಒಳ್ಳೆಯ ಪದವೇ ಅಲ್ವಾ ಅಂದುಕೊಂಡೆ.

ನೋಬಲ್ ಅಂದರೆ ಏನು ಅಂತ ಈಗ ಗೊತ್ತು. ಗೊತ್ತಿಲ್ಲದವರಿಗೆ ಹೇಳುತ್ತೇನೆ. ಮಿಂಟ್ ತನ್ನ ಬಹುಪಾಲು ಸಾಮಾನನ್ನು ಉಬುಂಟು ಅನ್ನುವ ಇನ್ನೊಂದು ಲಿನಕ್ಸಿನಿಂದ ತರಿಸಿಕೊಳ್ಳುತ್ತದೆ. ಉಬುಂಟುವಿನ ಒಂದೊಂದು ಆವೃತ್ತಿಗೂ ಒಂದೊಂದು ಪ್ರಾಣಿಯ ಹೆಸರು. 2022ರ ಏಪ್ರಿಲ್‌ನಲ್ಲಿ ಬಂದ 22.04ಕ್ಕೆ ಜಾಮಿ ಜೆಲ್ಲಿಫಿಶ್. 2024ರ ಏಪ್ರಿಲ್‌ನಲ್ಲಿ ಬಂದ 24.04ಕ್ಕೆ ನೋಬಲ್ ನಂಬ್ಯಾಟ್. ನನ್ನ ಮಿಂಟ್ 21.3 ನಿಂತಿರುವುದು ಜಾಮಿಯ ಮೇಲೆ. ಯಾವ ಸಾಮಾನು ಯಾವ ಉಗ್ರಾಣದಿಂದ ತರಬೇಕು ಅನ್ನುವುದನ್ನು ಕಂಪ್ಯೂಟರ್ ಒಂದು ಫೈಲಿನಲ್ಲಿ ಬರೆದಿಟ್ಟುಕೊಂಡಿರುತ್ತದೆ. ಒಂದೊಂದು ಸಾಲಿನಲ್ಲೂ ಉಗ್ರಾಣದ ವಿಳಾಸ, ಆವೃತ್ತಿಯ ಹೆಸರು, ಆಮೇಲೆ ಮೇನ್, ರಿಸ್ಟ್ರಿಕ್ಟೆಡ್, ಯೂನಿವರ್ಸ್, ಮಲ್ಟಿವರ್ಸ್ ಅಂತ ವಿಭಾಗಗಳು. ಒಂದು ಆವೃತ್ತಿಯ ಸಾಮಾನೆಲ್ಲ ಒಂದೇ ಅಳತೆಗೆ ಹೊಲಿದದ್ದು. ನಾನು ಮಾಡಿದ್ದೇನೆಂದರೆ, ಜಾಮಿಯ ಅಳತೆಯ ರವಿಕೆಗೆ ನೋಬಲ್‌ನ ತೋಳು ತಂದು ಜೋಡಿಸಿದ್ದು.

ನಂಬ್ಯಾಟ್ ಅಂದರೆ ಆಸ್ಟ್ರೇಲಿಯಾದಲ್ಲಿ ಗೆದ್ದಲು ತಿಂದು ಬದುಕುವ ಒಂದು ಸಣ್ಣ ಪ್ರಾಣಿ. ನನ್ನ ಮಷಿನ್ನಿಗೆ ಮಾತ್ರ ಅದೇ ಗೆದ್ದಲಾಯಿತು.

ಒಂದು ಎಚ್ಚರಿಕೆಯಾದರೂ ಬರಬೇಕಿತ್ತಲ್ಲ ಅಂತ ಆಮೇಲೆ ಅಳಿಯನನ್ನು ಕೇಳಿದೆ. ಬರುವುದಿಲ್ಲವಂತೆ. ಉಗ್ರಾಣದ ಸಹಿ ಸರಿಯಿದೆಯಾ ಅಂತ ಮಾತ್ರ ನೋಡುತ್ತದೆ. ನೋಬಲ್ ಕೂಡ ಉಬುಂಟುವಿನದ್ದೇ, ಸಹಿ ಸರಿಯೇ ಇತ್ತು. ನಿಮಗೆ ಅದು ಹೊಂದುತ್ತದಾ ಅಂತ ಕೇಳುವುದು ಸಹಿಯ ಕೆಲಸ ಅಲ್ಲ.

ಇನ್‌ಸ್ಟಾಲ್ ಕೊಟ್ಟ ಕೂಡಲೇ ಪರದೆ ತುಂಬ ಹೆಸರುಗಳು ಓಡಿದವು. ಇಷ್ಟು ಹೊಸದಾಗಿ ಬರುತ್ತದೆ, ಇಷ್ಟು ಮೇಲಿನ ವರ್ಷನ್ನಿಗೆ ಹೋಗುತ್ತದೆ, ಇಷ್ಟು ತೆಗೆದುಹಾಕಲಾಗುತ್ತದೆ. ಕೊನೆಗೆ ಮುಂದುವರಿಸಲಾ ಅಂತ ಪ್ರಶ್ನೆ. ನಾನು ವೈ ಒತ್ತಿ ಎಂಟರ್ ಹೊಡೆದು ಅನ್ನದ ಪಾತ್ರೆ ಫ್ರಿಜ್ಜಿನಲ್ಲಿಡಲು ಎದ್ದು ಹೋದೆ. ಈ ಕಥೆಯಲ್ಲಿ ನೀವು ಒಂದೇ ಒಂದು ವಿಷಯ ನೆನಪಿಟ್ಟುಕೊಳ್ಳುವುದಿದ್ದರೆ ಇದನ್ನು ಇಟ್ಟುಕೊಳ್ಳಿ: 'ತೆಗೆದುಹಾಕಲಾಗುತ್ತದೆ' ಅನ್ನುವ ಪಟ್ಟಿಯನ್ನು ಓದದೆ ವೈ ಒತ್ತಬೇಡಿ. ಬಂದದ್ದು ಬೇಡವಾದರೆ ಬಿಸಾಡಬಹುದು. ಹೋದದ್ದು ಏನು ಅಂತ ಗೊತ್ತಾಗುವುದು ಅದು ಬೇಕಾದಾಗಲೇ.

ಅವತ್ತು ರಾತ್ರಿ ಸ್ಕ್ರೈಬಸ್ 1.6 ತೆರೆಯಿತು. ಫೈಲೂ ಸರಿಯಾಗಿ ಕಂಡಿತು. ಖುಷಿಯಲ್ಲಿ ಮಲಗಿದೆ.

ಶುಕ್ರವಾರ ಬೆಳಿಗ್ಗೆ ಚಹಾ ಹಿಡಿದುಕೊಂಡು ಕೂತು ಅಧ್ಯಕ್ಷರ ಮಾತು ಟೈಪ್ ಮಾಡಲು ಶುರು ಮಾಡಿದೆ. 'ಮಾನ್ಯರೇ' ಅಂತ ಹೊಡೆದು ತಲೆ ಎತ್ತಿ ನೋಡಿದರೆ ಪರದೆಯ ಮೇಲೆ ಬರೀ ಇಂಗ್ಲಿಷ್ ಅಕ್ಷರಗಳು. ನಾನು ಟೈಪ್ ಮಾಡುವುದು ಕೆಜಿಪಿ ಕೀಲಿಮಣೆಯಲ್ಲಿ, ನುಡಿ ಸಾಫ್ಟ್‌ವೇರಿನಲ್ಲಿ ಕಲಿತವರಿಗೆಲ್ಲ ಗೊತ್ತಿರುತ್ತದೆ. ಅದರಲ್ಲಿ ಒತ್ತಕ್ಷರಕ್ಕೆ ಎಫ್ ಒತ್ತಬೇಕು. ಆ ಎಫ್ ಎಫ್ ಆಗಿಯೇ ಕೂತಿತ್ತು. ಭಾಷೆ ಬದಲಿಸುವ ಕಡೆ ಹೋದರೆ ಕನ್ನಡವೇ ಇಲ್ಲ. ಇಪ್ಪತ್ತು ವರ್ಷ ಬೆರಳಿಗೆ ಬಂದ ಭಾಷೆ ರಾತ್ರಿ ಬೆಳಗಾಗುವುದರಲ್ಲಿ ಮನೆ ಬಿಟ್ಟು ಹೋದ ಹಾಗಾಯಿತು. ನಿಜ ಹೇಳುತ್ತೇನೆ, ಹೊಟ್ಟೆಯಲ್ಲಿ ತಣ್ಣಗೆ ಏನೋ ಇಳಿಯಿತು.

ಅದೇ ಹೊತ್ತಿಗೆ ಕೆಳಗಡೆ ಅಪ್‌ಡೇಟ್ ಮ್ಯಾನೇಜರ್ ಸಾವಿರಕ್ಕೂ ಜಾಸ್ತಿ ಅಪ್‌ಡೇಟ್ ಬಂದಿದೆ ಅಂತ ತೋರಿಸುತ್ತಿತ್ತು. ಅದನ್ನು ಒತ್ತಿದರೆ ಕನ್ನಡ ವಾಪಸ್ ಬರಬಹುದು ಅಂತ ಕೈ ಅಲ್ಲಿಯವರೆಗೆ ಹೋಯಿತು. ಯಾವ ಪುಣ್ಯವೋ, ಒತ್ತಲಿಲ್ಲ. ಒತ್ತಿದ್ದರೆ ಅರ್ಧ ಮಿಂಟ್, ಅರ್ಧ ನೋಬಲ್ ಆಗಿ ಮಷಿನ್ ಎದ್ದೇಳುತ್ತಿತ್ತೋ ಇಲ್ಲವೋ.

ನಮ್ಮವರು ಆಫೀಸಿಗೆ ಹೊರಡುತ್ತಾ, "ನಿನಗೆ ಎಂತಕ್ಕೆ ಈ ಉಸಾಬರಿ? ಸ್ಟೇಶನ್ ಹತ್ತಿರ ಕೊಟ್ಟು ವಿಂಡೋಸ್ ಹಾಕಿಸಿಬಿಡು" ಅಂದರು. ಮಧ್ಯಾಹ್ನ ಹೋದೆ ಕೂಡ. ಅಂಗಡಿಯವನು ಲ್ಯಾಪ್‌ಟಾಪ್ ತೆರೆದು ನೋಡಿ, "ಲಿನಕ್ಸ್? ಯೇ ನಿಕಾಲ್ ದೇತೇ ಹೈ" (ಇದನ್ನು ತೆಗೆದುಬಿಡೋಣ) ಅಂದ. ಏನು ಹಾಳಾಗಿದೆ ಅಂತಲೂ ಕೇಳಲಿಲ್ಲ. ಫಾರ್ಮ್ಯಾಟ್‌ಗೆ 800 ರೂಪಾಯಿ, ಒಳಗಿದ್ದ ಫೈಲು ತೆಗೆದುಕೊಡಲು ಇನ್ನು 500. ವಿಂಡೋಸಿನ ಬಿಲ್ಲು ಕೊಡ್ತೀರಾ ಅಂದರೆ ನಕ್ಕ. ಮಳೆಯಲ್ಲಿ ಲ್ಯಾಪ್‌ಟಾಪನ್ನು ಎರಡು ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿಕೊಂಡು ವಾಪಸ್ ಬಂದೆ.

ಅಳಿಯನಿಗೆ ಮೆಸೇಜ್ ಹಾಕಿದ್ದೆ. ಒಂಬತ್ತೂವರೆಗೆ ಫೋನ್ ಮಾಡುತ್ತೇನೆ ಅಂದವನು ಮಾಡಿದ್ದು ಹನ್ನೊಂದಕ್ಕೆ. ಹಿಂಜವಾಡಿಯ ಆಫೀಸಿನಿಂದ ಮನೆ ಸೇರುವಷ್ಟರಲ್ಲಿ ಅವನ ಕಥೆಯೇ ಬೇರೆ.

"ಅತ್ತೆ, ರೀಸ್ಟಾರ್ಟ್ ಮಾಡಿದ್ರಾ?"

"ಇಲ್ಲ ಮಾರಾಯ."

"ಒಳ್ಳೇದಾಯ್ತು. ಏನೂ ಒತ್ಬೇಡಿ. ಟೈಮ್‌ಶಿಫ್ಟ್ ಆನ್ ಇದ್ಯಾ?"

ಅದು ಏನು ಅಂತಲೇ ನನಗೆ ಗೊತ್ತಿರಲಿಲ್ಲ. ಫೋನಿನ ಆ ಕಡೆ ಸ್ವಲ್ಪ ಹೊತ್ತು ಮಾತಿಲ್ಲ. ಟೈಮ್‌ಶಿಫ್ಟ್ ಮಿಂಟ್ ಜೊತೆಗೇ ಬರುತ್ತದೆ. ಸಿಸ್ಟಮ್ ಇವತ್ತು ಹೇಗಿದೆಯೋ ಹಾಗೇ ಒಂದು ಪಡಿಯಚ್ಚು ತೆಗೆದಿಡುತ್ತದೆ. ಆಮೇಲೆ ಏನು ಹಾಳಾದರೂ ಆ ದಿನಕ್ಕೆ ವಾಪಸ್ ಹೋಗಬಹುದು. ಅದು ಆನ್ ಆಗಿದ್ದರೆ ಈ ಬರಹ ಇಲ್ಲಿಗೇ ಮುಗಿಯುತ್ತಿತ್ತು, ಇಪ್ಪತ್ತು ನಿಮಿಷದ ಕೆಲಸ. ಆದರೆ ಅದನ್ನು ನಾವೇ ಆನ್ ಮಾಡಬೇಕು. ಹಾಕಿಕೊಟ್ಟವನೂ ಮಾಡಿರಲಿಲ್ಲ, ಅದಕ್ಕೇ ಬೈಗುಳ ಕಡಿಮೆ ಬಿತ್ತು.

ಮೊದಲು ಅವನು ಮಾಡಿಸಿದ್ದು ಒಂದು ಫೋಲ್ಡರಿನ ಕಾಪಿ. ಇಟಿಸಿ ಅಂತ ಒಂದು ಫೋಲ್ಡರ್, ಅದರೊಳಗೆ ಆಪ್ಟ್. ಉಗ್ರಾಣದಿಂದ ಸಾಮಾನು ತಂದು ಕೂರಿಸುವ ಪ್ರೋಗ್ರಾಮಿನ ಹೆಸರೇ ಆಪ್ಟ್. ಸೋರ್ಸ್‌ಗಳ, ಅಂದರೆ ಉಗ್ರಾಣಗಳ, ಪಟ್ಟಿಯೆಲ್ಲ ಇರುವುದು ಅಲ್ಲಿಯೇ. "ಸೋರ್ಸಸ್ ಡಾಟ್ ಲಿಸ್ಟ್ ಅಂತ ಒಂದು ಫೈಲ್ ಇದೆ, ಸೋರ್ಸಸ್ ಡಾಟ್ ಲಿಸ್ಟ್ ಡಾಟ್ ಡಿ ಅಂತ ಒಂದು ಫೋಲ್ಡರ್ ಇದೆ. ಡಾಟ್ ಡಿ, ಅತ್ತೆ, ಕೊನೆಗೆ ಡಾಟ್ ಡಿ." ಇದನ್ನು ಅವನು ಎಷ್ಟು ಸಲ ಹೇಳಿದನೋ. ಸಾಲು ಇರಬೇಕಾದದ್ದು ಫೈಲಿನಲ್ಲಿ ಅಂತ ನಾನು ಹುಡುಕುತ್ತಿದ್ದೆ. ಮಿಂಟ್‌ನಲ್ಲಿ ಆ ಫೈಲು ಖಾಲಿ ಇದ್ದ ಹಾಗೆಯೇ. ಅಸಲಿ ಪಟ್ಟಿ ಇರುವುದು ಡಾಟ್ ಡಿ ಫೋಲ್ಡರಿನೊಳಗೆ, ಅಫಿಶಿಯಲ್ ಪ್ಯಾಕೇಜ್ ರೆಪಾಸಿಟರೀಸ್ ಅನ್ನುವ ಹೆಸರಿನಲ್ಲಿ. ಇಡೀ ಆಪ್ಟ್ ಫೋಲ್ಡರನ್ನು ಪೆನ್‌ಡ್ರೈವಿಗೆ ಹಾಕಿದೆ. ಸರಿ ಮಾಡಲು ಹೋಗಿ ಇನ್ನೂ ಹಾಳು ಮಾಡಿಕೊಂಡರೆ ಕಡೇಪಕ್ಷ ಈಗಿನ ಹಾಳಿಗಾದರೂ ವಾಪಸ್ ಬರಬಹುದಂತೆ.

ಆಮೇಲೆ ಹೋದದ್ದೇನು ಅಂತ ನೋಡಿದೆವು. ಇದಕ್ಕೆ ಒಂದು ಒಳ್ಳೆಯ ಜಾಗ ಇದೆ, ಬರೆದುಕೊಳ್ಳಿ. ವಾರ್ ಫೋಲ್ಡರಿನೊಳಗೆ ಲಾಗ್, ಅದರೊಳಗೆ ಆಪ್ಟ್, ಅಲ್ಲಿ ಹಿಸ್ಟರಿ ಡಾಟ್ ಲಾಗ್ ಅಂತ ಫೈಲು. ಯಾವ ದಿನ, ಎಷ್ಟು ಗಂಟೆಗೆ, ಯಾವ ಕಮಾಂಡ್ ಕೊಟ್ಟಿರಿ, ಏನು ಬಂತು, ಏನು ಹೋಯಿತು, ಎಲ್ಲ ಇರುತ್ತದೆ. ಗುರುವಾರ ರಾತ್ರಿ ನಾನು ಅನ್ನದ ಪಾತ್ರೆ ಎತ್ತಿಡುವಾಗ 41 ಪ್ಯಾಕೇಜು (ನಾನು ಸಾಮಾನು ಅಂದದ್ದು ಇವನ್ನೇ) ಹೋಗಿದ್ದವು. ಅದರಲ್ಲಿ ಐಬಸ್-ಎಂ17ಎನ್ ಒಂದು. ಕನ್ನಡ ಕೀಲಿಮಣೆ ಇರುವುದು ಅದರ ಮೂಲಕವೇ. ಕಳ್ಳ ಸಿಕ್ಕಿಬಿದ್ದಷ್ಟು ಸಮಾಧಾನವಾಯಿತು.

ಸೋರ್ಸ್ ರೀಸೆಟ್ ಮಾಡುವುದಿದೆಯಲ್ಲ, ಅದು ಸುಲಭ. ಮೆನುವಿನಲ್ಲಿ ಸಾಫ್ಟ್‌ವೇರ್ ಸೋರ್ಸಸ್ ತೆರೆದು ಪಾಸ್‌ವರ್ಡ್ ಕೊಟ್ಟರೆ, ಮೊದಲ ಪುಟದಲ್ಲೇ ಡೀಫಾಲ್ಟ್ ಸೆಟ್ಟಿಂಗಿಗೆ ಮರಳಿಸುವ ಬಟನ್ ಇದೆ. ಒತ್ತಿದೆ. ಮುಗಿಯಿತು ಅಂದುಕೊಂಡೆ. "ಮುಗೀಲಿಲ್ಲ, ಎಡಗಡೆ ಅಡಿಷನಲ್ ರೆಪಾಸಿಟರೀಸ್ ನೋಡಿ" ಅಂದ. ನೋಡಿದರೆ ನನ್ನ ನೋಬಲ್ ಸಾಲು ಅಲ್ಲಿ ಟಿಕ್ ಹಾಕಿಕೊಂಡು ಆರಾಮಾಗಿ ಕೂತಿದೆ. ಬಟನ್ ಸರಿ ಮಾಡುವುದು ಅಧಿಕೃತ ಪಟ್ಟಿಯನ್ನು. ನಾವಾಗಿ ಸೇರಿಸಿದ್ದನ್ನು ನಾವೇ ತೆಗೆಯಬೇಕು. ತೆಗೆದೆ.

ಅಲ್ಲಿಯೇ ಇನ್ನೊಂದು ಹಳೆಯ ಸಾಲೂ ಸಿಕ್ಕಿತು. ಯಾವಾಗಲೋ ಒಂದು ಪ್ರೋಗ್ರಾಮಿಗೆ ಅಂತ ಸೇರಿಸಿದ್ದು, ಅಪ್‌ಡೇಟ್ ಕೊಟ್ಟಾಗಲೆಲ್ಲ 404, ಅಂದರೆ ಸಿಗಲಿಲ್ಲ, ಅಂತ ಬಯ್ಯುತ್ತಿತ್ತು. ನಾನು ಅಭ್ಯಾಸವಾಗಿ ಕಡೆಗಣಿಸುತ್ತಿದ್ದೆ. ಅದರಲ್ಲಿ ಆವೃತ್ತಿಯ ಹೆಸರು 'ವರ್ಜಿನಿಯಾ' ಅಂತ ಇತ್ತು. ಮಿಂಟ್ ಬಳಸುವವರು ಇಲ್ಲಿ ಎಡವುತ್ತಾರಂತೆ. ಮಿಂಟ್ 21.3ರ ಹೆಸರು ವರ್ಜಿನಿಯಾ, ಸರಿ. ಆದರೆ ಹೊರಗಿನ ಉಗ್ರಾಣಗಳಿಗೆ ಗೊತ್ತಿರುವುದು ಉಬುಂಟುವಿನ ಹೆಸರು ಮಾತ್ರ. ಅಲ್ಲಿ ವರ್ಜಿನಿಯಾ ಅಂತ ಕೇಳಿದರೆ ಅಂಥವರು ಇಲ್ಲಿ ಯಾರೂ ಇಲ್ಲ ಅನ್ನುತ್ತದೆ. ಜಾಮಿ ಅಂತ ಕೇಳಬೇಕು. ನಿಮ್ಮದು ಯಾವುದು ಅಂತ ಗೊತ್ತಿಲ್ಲದಿದ್ದರೆ ಇಟಿಸಿ ಫೋಲ್ಡರಿನಲ್ಲಿ ಓಎಸ್-ರಿಲೀಸ್ ಅನ್ನುವ ಫೈಲು ತೆರೆಯಿರಿ. ಉಬುಂಟು ಕೋಡ್‌ನೇಮ್ ಅಂತ ಒಂದು ಸಾಲಿರುತ್ತದೆ. ನಾನು ಗುರುವಾರ ರಾತ್ರಿ ಆ ಒಂದು ಸಾಲು ಓದಿದ್ದರೆ ಸಾಕಿತ್ತು.

ಇಷ್ಟಕ್ಕೆ ಹಿಡಿದದ್ದು ಹೆಚ್ಚೆಂದರೆ ಹತ್ತು ನಿಮಿಷ. ಪಟ್ಟಿ ರಿಫ್ರೆಶ್ ಮಾಡಿದೆವು. ಅಪ್‌ಡೇಟ್ ಮ್ಯಾನೇಜರ್ ತೆರೆದರೆ ನಿಮ್ಮ ಸಿಸ್ಟಮ್ ಅಪ್ ಟು ಡೇಟ್ ಇದೆ ಅಂತ ಬಂತು. ಸಾವಿರದ ಸಂಖ್ಯೆ ಮಾಯ. ನಾನು ದೇವರಿಗೆ ಕೈ ಮುಗಿದೆ. ಅಳಿಯ ಮಾತ್ರ, "ಅದನ್ನ ನಂಬ್ಬೇಡಿ ಅತ್ತೆ" ಅಂದ.

ಯಾಕೆ ಅಂದರೆ, ಬಂದ ನೋಬಲ್ ಸಾಮಾನು ಇನ್ನೂ ಒಳಗೇ ಇದೆ. ಆಪ್ಟ್ ಯಾವತ್ತೂ ಮೇಲಿನ ನಂಬರ್ ನೋಡಿಕೊಂಡು ಹತ್ತುತ್ತದೆ, ತಾನಾಗಿ ಕೆಳಗೆ ಇಳಿಯುವುದಿಲ್ಲ. ಜಾಮಿಯ ಉಗ್ರಾಣದಲ್ಲಿ ಇರುವುದೆಲ್ಲ ಹಳೆಯ ನಂಬರು, ನನ್ನ ಹತ್ತಿರ ಇರುವುದು ಹೊಸ ನಂಬರು. ಹಾಗಾಗಿ ಅದರ ಲೆಕ್ಕದಲ್ಲಿ ಎಲ್ಲ ಸರಿಯಾಗಿದೆ. ಪರೀಕ್ಷೆಗೆ ಅಂತ ಐಬಸ್-ಎಂ17ಎನ್ ಇನ್‌ಸ್ಟಾಲ್ ಕೊಟ್ಟೆವು. ಅದಕ್ಕೆ ಇದು ಬೇಕು, ಇದಕ್ಕೆ ಅದು ಬೇಕು, ಅದನ್ನು ಹಾಕಲು ಆಗುವುದಿಲ್ಲ, ಮುರಿದ ಪ್ಯಾಕೇಜುಗಳಿವೆ ಅಂತ ಕೆಂಪು ಅಕ್ಷರ. ಸೋರ್ಸ್ ರೀಸೆಟ್ ಮಾಡಿಯೂ ಏನೂ ಸರಿಯಾಗಲಿಲ್ಲ ಅಂತ ಕೂಗುವವರೆಲ್ಲ ಸಿಕ್ಕಿಬೀಳುವುದು ಇಲ್ಲಿಯೇ. ನಲ್ಲಿ ಬಂದ್ ಮಾಡಿದ್ದೀರಿ, ಮನೆಯೊಳಗೆ ಬಂದ ನೀರು ಹಾಗೇ ಇದೆ.

ರಾತ್ರಿ ಒಂದೂವರೆ ಆಗಿತ್ತು. ಉಳಿದದ್ದು ನಾಳೆ ಅಂದ.

ಶನಿವಾರ ಮಳೆ ಅಂದರೆ ಮಳೆ. ಎರಡು ಗಂಟೆಗೆ ಬ್ರಾಡ್‌ಬ್ಯಾಂಡ್ ಹೋಯಿತು. ಕೇಬಲಿನವನಿಗೆ ಫೋನ್ ಮಾಡಿದರೆ ನೀರು ಇಳಿದ ಮೇಲೆ ಅಂದ. ಸಂಘದ ಕಾರ್ಯದರ್ಶಿಗಳು ಮೂರು ಸಲ ಫೋನ್ ಮಾಡಿದರು. "ಮುಖಪುಟ ಆಯ್ತಾ ಅಕ್ಕ?" ಆಗುತ್ತಾ ಉಂಟು ಅಂತ ಸುಳ್ಳು ಹೇಳಿದೆ. ಅಧ್ಯಕ್ಷರ ಮಾತನ್ನು ಮೊಬೈಲಿನಲ್ಲಿ ಹೆಬ್ಬೆರಳಿನಿಂದ ಒತ್ತಿ ಒತ್ತಿ ಟೈಪ್ ಮಾಡಿದೆ. ಎರಡು ಪುಟಕ್ಕೆ ಒಂದೂಕಾಲು ಗಂಟೆ.

ಕೈಗೆ ಬಿಡುವಿದ್ದಾಗ ನಾನೇ ಸಾಫ್ಟ್‌ವೇರ್ ಸೋರ್ಸಸ್‌ನ ಮೆಂಟೆನೆನ್ಸ್ ಪುಟ ತೆರೆದು ನೋಡಿದೆ. ಅಲ್ಲಿ ಎರಡು ಆಯ್ಕೆ: ಫಾರಿನ್ ಪ್ಯಾಕೇಜುಗಳನ್ನು ಡೌನ್‌ಗ್ರೇಡ್ ಮಾಡಿ, ಫಾರಿನ್ ಪ್ಯಾಕೇಜುಗಳನ್ನು ತೆಗೆಯಿರಿ. ಫಾರಿನ್ ಅಂದರೆ ಈಗಿನ ಪಟ್ಟಿಯ ಯಾವ ಉಗ್ರಾಣದಲ್ಲೂ ಸಿಗದ್ದು. ಒಂದೆರಡು ಪ್ಯಾಕೇಜು ಹೆಚ್ಚುಕಡಿಮೆ ಆಗಿದ್ದರೆ ಇದೇ ಸಾಕು, ಟರ್ಮಿನಲ್ ಮುಟ್ಟಬೇಕಾಗಿಲ್ಲ. ನನ್ನದು ಉದ್ದ ಪಟ್ಟಿ. ತುಂಬ ಹೆಸರುಗಳ ಕೊನೆಗೆ ಟಿ64 ಅಂತ ಬಾಲ. ಇದೇನು ಅಂತ ಅಳಿಯನಿಗೆ ಫೋಟೋ ಕಳಿಸಿದೆ.

ಇದು ನನಗೆ ಬಹಳ ಹಿಡಿಸಿದ ವಿಷಯ, ಸ್ವಲ್ಪ ಆ ಕಡೆ ಹೋಗುತ್ತೇನೆ. ಕಂಪ್ಯೂಟರುಗಳು ಕಾಲವನ್ನು 1970ರ ಜನವರಿ 1ರಿಂದ ಸೆಕೆಂಡ್ ಸೆಕೆಂಡ್ ಎಣಿಸುತ್ತವೆ. ಹಳೆಯ 32 ಬಿಟ್ ಲೆಕ್ಕದಲ್ಲಿ ಆ ಎಣಿಕೆ 2038ರ ಜನವರಿ 19ಕ್ಕೆ ತುಂಬಿಹೋಗುತ್ತದೆ. ಮುಂದೆ ಎಣಿಸಲು ಜಾಗವಿಲ್ಲ. ಅದಕ್ಕೆ ನೋಬಲ್‌ನಲ್ಲಿ ಕಾಲವನ್ನು 64 ಬಿಟ್‌ಗೆ ಬದಲಿಸುವಾಗ ಪ್ರೋಗ್ರಾಮುಗಳು ಹಂಚಿಕೊಂಡು ಬಳಸುವ ನೂರಾರು ಲೈಬ್ರರಿಗಳ ಹೆಸರಿಗೇ ಟಿ64 ಸೇರಿಸಿದರು. ನನ್ನಂಥ 64 ಬಿಟ್ ಮಷಿನ್ನಿಗೆ ಆ ಬದಲಾವಣೆಯ ಅಗತ್ಯವೇ ಇಲ್ಲ, ಆದರೆ ಹೆಸರು ಎಲ್ಲರಿಗೂ ಒಂದೇ ಇರಲಿ ಅಂತ ಇಲ್ಲೂ ಬಂತು. ಹೊಸ ಹೆಸರಿನದ್ದು ಒಳಗೆ ಬಂದರೆ ಹಳೆಯ ಹೆಸರಿನದ್ದು ಹೊರಗೆ ಹೋಗಲೇಬೇಕು. ನನ್ನ ಕನ್ನಡ ಹೊರಗೆ ಬಿದ್ದದ್ದು ಈ ನೂಕಾಟದಲ್ಲಿ. 2038ರಲ್ಲಿ ಆಗಬಹುದಾದ ತೊಂದರೆಗೆ ನಾನು ಈಗಲೇ ಕಂತು ಕಟ್ಟಿದೆ.

"ಎಲ್ಲ ಸೆಲೆಕ್ಟ್ ಮಾಡಿ ರಿಮೂವ್ ಕೊಡ್ಲಾ?" ಅಂತ ಕೇಳಿದೆ.

"ಕೈ ಮುಟ್ಬೇಡಿ! ಅದ್ರ ಮೇಲೆ ನಿಂತಿರೋದೆಲ್ಲ ಹೋಗುತ್ತೆ. ಡೆಸ್ಕ್‌ಟಾಪೇ ಇರಲ್ಲ."

ತೆಗೆಯುವುದು ಮತ್ತು ಇಳಿಸುವುದು ಒಂದೇ ಏಟಿಗೆ ಆಗಬೇಕು. ಅದಕ್ಕೆ ಅವನು ಹೇಳಿದ ದಾರಿ ಪಿನ್ನಿಂಗ್. ಭಾನುವಾರ ಬೆಳಿಗ್ಗೆ ಕೂತೆವು, ಬ್ರಾಡ್‌ಬ್ಯಾಂಡ್ ಇನ್ನೂ ಇಲ್ಲ, ಮೊಬೈಲಿನ ಹಾಟ್‌ಸ್ಪಾಟ್. ಆಪ್ಟ್ ಫೋಲ್ಡರಿನಲ್ಲಿ ಪ್ರಿಫರೆನ್ಸಸ್ ಡಾಟ್ ಡಿ ಅಂತ ಇನ್ನೊಂದು ಫೋಲ್ಡರ್ ಇದೆ (ಮತ್ತೆ ಡಾಟ್ ಡಿ). ಅಲ್ಲಿ ಒಂದು ಸಣ್ಣ ಫೈಲು ಬರೆದು ಯಾವ ಉಗ್ರಾಣಕ್ಕೆ ಎಷ್ಟು ಮರ್ಯಾದೆ ಅಂತ ಅಂಕಿ ಕೊಡಬಹುದು. ಸಾಮಾನ್ಯವಾಗಿ ಎಲ್ಲಕ್ಕೂ 500. ಅಂಕಿ 1000 ಮುಟ್ಟಿದರೆ ಮಾತ್ರ, ನಂಬರ್ ಕೆಳಗಿನದ್ದಾದರೂ ಪರವಾಗಿಲ್ಲ, ಅದನ್ನೇ ಹಾಕು ಅಂತ ಅರ್ಥ. ಉಬುಂಟುವಿಗೆ 1001 ಕೊಟ್ಟೆವು. ಈಗ ಪಟ್ಟಿಯಲ್ಲಿ ಜಾಮಿ ಮಾತ್ರ ಇರುವುದರಿಂದ ಎಲ್ಲ ಜಾಮಿಗೆ ಇಳಿಯಬೇಕು. ಇದಕ್ಕೇ ಸೋರ್ಸ್ ರೀಸೆಟ್ ಮೊದಲು ಆಗಿರಬೇಕಾದದ್ದು. ಅದು ಆಗದೆ ಇದನ್ನು ಮಾಡಿದರೆ ನೋಬಲ್‌ಗೇ ಪಟ್ಟ ಕಟ್ಟಿದ ಹಾಗೆ.

ನಿಜವಾಗಿ ಓಡಿಸುವ ಮೊದಲು ಫುಲ್-ಅಪ್‌ಗ್ರೇಡ್ ಕಮಾಂಡಿಗೆ ಮೈನಸ್ ಎಸ್ ಸೇರಿಸಿ ಓಡಿಸಿದೆವು. ಆಗ ಅದು ಏನೂ ಮಾಡುವುದಿಲ್ಲ, ಮಾಡಿದರೆ ಏನಾಗುತ್ತದೆ ಅಂತ ಹೇಳುತ್ತದೆ ಅಷ್ಟೇ. ದಯವಿಟ್ಟು ಇದನ್ನು ಬಿಡಬೇಡಿ. ನಮಗೆ ಆ ಒಣ ಓಟದಲ್ಲೇ ಗೊತ್ತಾದದ್ದು, ಮಿಂಟ್‌ನ ಡೆಸ್ಕ್‌ಟಾಪ್ ಸಿನ್ನಮನ್ 6.0 ಇದ್ದದ್ದು 5.2ಕ್ಕೆ ಇಳಿಯಲು ಹೊರಟಿದೆ ಅಂತ. ಉಬುಂಟುವಿನ ಉಗ್ರಾಣದಲ್ಲೂ ಒಂದು ಹಳೆಯ ಸಿನ್ನಮನ್ ಇದೆ. ಅದಕ್ಕೆ ನಾವೇ 1001 ಮರ್ಯಾದೆ ಕೊಟ್ಟುಬಿಟ್ಟಿದ್ದೆವು. ಮಿಂಟ್‌ನ ಉಗ್ರಾಣಕ್ಕೆ 1002 ಕೊಟ್ಟು ಮತ್ತೆ ಒಣ ಓಟ. ಈ ಸಲ ಸಿನ್ನಮನ್ ಅಲುಗಲಿಲ್ಲ.

ಇನ್ನೊಂದು ಗಂಟು ಉಳಿದಿತ್ತು. ಲಿಬ್‌ಸಿ ಅಂತ ಒಂದು ಲೈಬ್ರರಿ, ಹೆಚ್ಚುಕಡಿಮೆ ಎಲ್ಲ ಪ್ರೋಗ್ರಾಮುಗಳೂ ಅದರ ಮೇಲೆ ನಿಂತಿರುತ್ತವೆ. ಜಾಮಿಯಲ್ಲಿ ಅದರ ನಂಬರ್ 2.35, ನೋಬಲ್‌ನಲ್ಲಿ 2.39. ನನ್ನದು ಗುರುವಾರವೇ 2.39 ಆಗಿತ್ತು. ಅದನ್ನೂ ಇಳಿಸಬಹುದು, ಆದರೆ ನಡುವೆ ಎಡವಿದರೆ ಒಂದು ಕಮಾಂಡೂ ಓಡುವುದಿಲ್ಲ, ಫೈಲುಗಳ ಪಟ್ಟಿ ತೋರಿಸುವ ಎಲ್‌ಎಸ್ ಕೂಡ. ಹೊಸ ಲಿಬ್‌ಸಿಯ ಮೇಲೆ ಹಳೆಯ ಪ್ರೋಗ್ರಾಮು ಓಡುತ್ತದೆ, ಹಳೆಯದರ ಮೇಲೆ ಹೊಸದು ಓಡುವುದಿಲ್ಲ. ಹಾಗಾಗಿ ಅಳಿಯ ಲಿಬ್‌ಸಿಗೆ ಹೋಲ್ಡ್ ಹಾಕಿಸಿದ. ಅಂದರೆ ಇದನ್ನು ಮುಟ್ಟಬೇಡ ಅಂತ ಆಪ್ಟ್‌ಗೆ ಹೇಳುವುದು. "ಇದು ಟೆಂಪರರಿ ಅತ್ತೆ. ಇದಕ್ಕೆ ಸೆಕ್ಯುರಿಟಿ ಅಪ್‌ಡೇಟ್ ಬರಲ್ಲ. ಸಂಚಿಕೆ ಪ್ರೆಸ್ಸಿಗೆ ಹೋಗ್ಲಿ, ಆಮೇಲೆ ಹೊಸದಾಗಿ ಹಾಕೋಣ."

ಸಂಜೆ ಏಳಕ್ಕೆ ಮೈನಸ್ ಎಸ್ ತೆಗೆದು ಓಡಿಸಿದೆ. ಈ ಸಲ ಪಟ್ಟಿಯನ್ನು ಒಂದೊಂದೇ ಹೆಸರು ಬೆರಳಿಟ್ಟು ಓದಿದೆ. 430 ಎಂಬಿ. ಮೊಬೈಲಿನ ಆ ದಿನದ ಡೇಟಾ ಮುಕ್ಕಾಲು ದಾರಿಯಲ್ಲಿ ಮುಗಿಯಿತು, ಇನ್ನೊಂದು ಪ್ಯಾಕ್ ಹಾಕಿಸಿದೆ. ನಡುವೆ ಎರಡು ಸಲ ಹಳೆಯ ಸೆಟ್ಟಿಂಗ್ ಫೈಲು ಇಟ್ಟುಕೊಳ್ಳಲಾ, ಹೊಸದು ಹಾಕಲಾ ಅಂತ ಕೇಳಿತು. ನಾನು ಕೈಯಾರೆ ಏನೂ ಬದಲಿಸಿರಲಿಲ್ಲವಾದ್ದರಿಂದ ಉಗ್ರಾಣದ್ದೇ ಹಾಕು ಅಂದೆವು. ಒಂಬತ್ತು ಗಂಟೆಗೆ ಮುಗಿಯಿತು. ಐಬಸ್-ಎಂ17ಎನ್ ಕೇಳಿದ ಕೂಡಲೇ ಬಂತು. ರೀಸ್ಟಾರ್ಟ್ ಮಾಡಿ, ಕೀಲಿಮಣೆ ಸೇರಿಸಿ, 'ಮಾನ್ಯರೇ' ಅಂತ ಹೊಡೆದೆ. ನಕಾರದ ಕೆಳಗೆ ಯಕಾರದ ಒತ್ತು ಬಂದು ಕೂತದ್ದನ್ನು ನೋಡಿ ಕಣ್ಣಲ್ಲಿ ನೀರು ಬಂತು. ನಮ್ಮವರು ಟಿವಿಯಿಂದ ತಲೆ ಎತ್ತಿ, "ಎಂತ, ಆಯ್ತಾ?" ಅಂದರು.

ಆ ಪಿನ್ ಫೈಲನ್ನು ಕೆಲಸ ಮುಗಿದ ಮೇಲೆ ಅಳಿಸಬೇಕು. ನಾನು ಮರೆತಿದ್ದೆ, ಸೋಮವಾರ ಅಳಿಯನೇ ಫೋನ್ ಮಾಡಿ ಅಳಿಸಿಸಿದ.

ಸ್ಕ್ರೈಬಸ್? ಅದು ಮತ್ತೆ 1.5.8ಕ್ಕೆ ಬಂದು ನಿಂತಿತ್ತು, ಹೋಟೆಲಿನವರ ಫೋನ್ ನಂಬರುಗಳು ಮತ್ತೆ ಚೆಲ್ಲಾಪಿಲ್ಲಿ. ಆಗ ಅಳಿಯ, "ಸಾಫ್ಟ್‌ವೇರ್ ಮ್ಯಾನೇಜರಲ್ಲಿ ಫ್ಲ್ಯಾಟ್‌ಪ್ಯಾಕ್ ಇದೆ ನೋಡಿ" ಅಂದ. ಇತ್ತು. 1.6. ಒಂದು ಕ್ಲಿಕ್. ಫ್ಲ್ಯಾಟ್‌ಪ್ಯಾಕ್ ತನಗೆ ಬೇಕಾದ ಲೈಬ್ರರಿಗಳನ್ನೆಲ್ಲ ಬುತ್ತಿ ಕಟ್ಟಿಕೊಂಡು ಬರುತ್ತದೆ, ಮನೆಯ ಅಡುಗೆಗೆ ಕೈ ಹಾಕುವುದಿಲ್ಲ. ಡೌನ್‌ಲೋಡ್ ದೊಡ್ಡದು, ಅಷ್ಟೇ. ಇದನ್ನು ಗುರುವಾರವೇ ಹೇಳಬಾರದಿತ್ತಾ ಅಂದೆ. ನೀವು ಗುರುವಾರ ಕೇಳಬಾರದಿತ್ತಾ ಅಂದ. ಹೊಸ ವರ್ಷನ್ ಒಂದೇ ಪ್ರೋಗ್ರಾಮಿಗೆ ಬೇಕಾದರೆ ಸೋರ್ಸ್ ಪಟ್ಟಿ ಮುಟ್ಟುವ ಮೊದಲು ಅಲ್ಲೊಮ್ಮೆ ಹುಡುಕಿ.

ಸೋಮವಾರ, ಮಂಗಳವಾರ ರಾತ್ರಿ ಎರಡರವರೆಗೆ ಕೂತು 64 ಪುಟ ಮುಗಿಸಿದೆ. ಬುಧವಾರ ದಾದರ್‌ಗೆ ಹೋಗಿ ಪ್ರೆಸ್ಸಿನಲ್ಲಿ ಪಿಡಿಎಫ್ ಕೊಟ್ಟು ಬಂದೆ.

ಮೊನ್ನೆ ಭಾನುವಾರ ಅಳಿಯ ತಾನೇ ಬಂದ. ಹೊಸ 32 ಜಿಬಿ ಪೆನ್‌ಡ್ರೈವ್, 380 ರೂಪಾಯಿ. ನನ್ನ ಫೈಲುಗಳೆಲ್ಲ ಹೊರಗಿನ ಡಿಸ್ಕಿಗೆ ಹೋದವು. ಹಳೆಯ ಮಿಂಟ್ ಒರೆಸಿ ಹೊಸದಾಗಿ 22 ಹಾಕಿದ. 21.3ಕ್ಕೆ 2027ರವರೆಗೆ ಅಪ್‌ಡೇಟ್ ಇದೆ, ಅದೇ ಇರಲಿ ಅಂತ ನನ್ನ ಆಸೆ. ಹೇಗೂ ಒರೆಸುವುದೇ ಆದರೆ 2029ರವರೆಗೆ ಇರುವುದನ್ನೇ ಹಾಕೋಣ ಅಂದ. ಇನ್‌ಸ್ಟಾಲ್‌ಗೆ ಮುಕ್ಕಾಲು ಗಂಟೆ, ಫೈಲು ವಾಪಸ್ ತುಂಬಲು ಎರಡು ಗಂಟೆ. ನಾನು ಮಾಡಿದ ಪತ್ರೊಡೆ ತಿನ್ನುತ್ತಾ ಟೈಮ್‌ಶಿಫ್ಟ್ ಆನ್ ಮಾಡಿದ, ವಾರಕ್ಕೊಂದು ಪಡಿಯಚ್ಚು, ಮೂರು ಇಟ್ಟುಕೊಳ್ಳುವ ಹಾಗೆ. ಅದು ಸಿಸ್ಟಮ್ಮಿಗೆ ಮಾತ್ರ, ನಮ್ಮ ಫೈಲುಗಳನ್ನು ಅದು ಲೆಕ್ಕಕ್ಕೆ ಹಿಡಿಯುವುದಿಲ್ಲ. ಮದುವೆ ಕಾಗದಗಳನ್ನು ಬೇರೆ ಡಿಸ್ಕಿಗೆ ಹಾಕಿಕೊಳ್ಳುವುದು ನನ್ನದೇ ಕೆಲಸ.

ಅವನು ಕೈ ತೊಳೆಯಲು ಹೋದಾಗ ನಾನೇ ಇಟಿಸಿ, ಆಪ್ಟ್, ಡಾಟ್ ಡಿ ಅಂತ ಹೋಗಿ ಸೋರ್ಸ್ ಪಟ್ಟಿ ತೆರೆದೆ. ಮಿಂಟ್ 22 ನಿಂತಿರುವುದು ಯಾವುದರ ಮೇಲೆ ಅಂತ ನೋಡಬೇಕಿತ್ತು. ಮೊದಲ ಸಾಲಿನಲ್ಲಿ ಮಿಂಟ್‌ನ ಉಗ್ರಾಣ. ಎರಡನೆಯ ಸಾಲಿನಲ್ಲಿ ಉಬುಂಟುವಿನದ್ದು, ನಡುವೆ ಅದೇ ಪದ: ನೋಬಲ್.

"ಏನತ್ತೆ, ಮತ್ತೆ ಏನಾದ್ರೂ ಸೇರಿಸ್ತಿದ್ದೀರಾ?" ಅಂತ ಬಾಗಿಲಿನಿಂದಲೇ ಕೇಳಿದ.

"ಇಲ್ಲ ಮಾರಾಯ, ಸುಮ್ನೆ ಓದ್ತಾ ಇದ್ದೇನೆ" ಅಂದೆ.